ಕೂಸಿನ ಜೊತೆ ಕಳಿಸುವ ಮಾತು

ಮಲ್ಕಾಜ್‌ಗಿರಿ,
ಮಂಗಳವಾರ

ಚಿರಂಜೀವಿ ಮಿಲಿಂದ ಅವರಿಗೆ, ನಿಮ್ಮ ಅತ್ತೆ ಸುಂದರಾಬಾಯಿಯ ಆಶೀರ್ವಾದ.

ಈ ಕಡೆ ಎಲ್ಲ ಕುಶಲ ಎಂದು ಬರೆದು ಮುಂದಕ್ಕೆ ಹೋಗುವುದು ರೂಢಿ. ಹಾಗೆ ಬರೆಯಲು ಕೈ ಏಳಲಿಲ್ಲ. ಕೂಸು ತಾರಾ ಚೆನ್ನಾಗಿದ್ದಾಳೆ, ಸದ್ಯಕ್ಕೆ ಅಷ್ಟು ತಿಳಿಯಿರಿ. ಮೇಲೆ ನಿಮ್ಮ ಹೆಸರು ಬರೆದೆನಲ್ಲ, ನೀವು ನಮ್ಮ ಮನೆಯ ಅಳಿಯನಾದಂದಿನಿಂದ ನಾನು ಅದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ನಮ್ಮ ತವರಿನ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ನನ್ನ ತಾಯಿ ನನ್ನ ಯಜಮಾನರೊಡನೆ ಒಂದು ಮಾತೂ ಆಡದೆ ಕಣ್ಣು ಮುಚ್ಚಿದಳು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿ ನನ್ನನ್ನು ಈ ಊರಿಗೆ ಕರೆತಂದರು. ಇಲ್ಲಿ ನಾನು ತೆಲುಗು ಕಲಿತೆ, ಹಿಂದಿ ಕಲಿತೆ, ಮಗಳು ಸಂಪದಾ ಶಾಲೆಗೆ ಹೋಗತೊಡಗಿದಾಗ ಅವಳ ಪಾಟಿಯ ಮೇಲೆಯೇ ಕನ್ನಡ ಅಕ್ಷರವನ್ನೂ ತಿದ್ದಿಕೊಂಡೆ. ಅಳಿಯನ ಎದುರು ನಿಲ್ಲುವುದನ್ನು ಮಾತ್ರ ಕಲಿಯಲಿಲ್ಲ.

ಸಂಪದಾ ಇದ್ದಾಗ ಅದರಿಂದ ತೊಂದರೆ ಇರಲಿಲ್ಲ. ನಾನು ಅಡುಗೆಮನೆಯ ಪರದೆಯ ಹಿಂದೆ, ನೀವು ಹೊರಗಿನ ಖೋಲಿಯಲ್ಲಿ, ನಡುವೆ ಅವಳು. "ಇನ್ನೊಂದು ಹೋಳಿಗೆ ಹಾಕಲೇನು ಕೇಳು" ಎಂದು ನಾನು ಮೆಲ್ಲಗೆ ಹೇಳಿದರೆ ಅವಳು ಗಟ್ಟಿಯಾಗಿ, "ನಮ್ಮವ್ವ ಕೇಳ್ತಾಳ್ರಿ, ನಿಮ್ಮ ಆಫೀಸಿನ್ಯಾಗ ಊಟಾ ಹಾಕೋದಿಲ್ಲೇನಂತ" ಎನ್ನುತ್ತಿದ್ದಳು. ನೀವು ನಗುತ್ತಿದ್ದಿರಿ. "ನಿಮ್ಮವ್ವಗ ಹೇಳು, ಹಾಕ್ತಾರ, ಆದ್ರ ಮ್ಯಾಲೆ ತುಪ್ಪ ಹಾಕೋದಿಲ್ಲ" ಎನ್ನುತ್ತಿದ್ದಿರಿ. ಪರದೆಯ ಹಿಂದೆ ನಾನೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. "ಬಾ ಅವ್ವಾ ಹೊರಗ, ನಿನ್ನ ಅಳಿಯ ಏನು ಹುಲಿ ಅಲ್ಲ" ಎಂದು ಅವಳು ಕೈ ಹಿಡಿದು ಎಳೆಯುತ್ತಿದ್ದಳು. ನಾನು ಬರುತ್ತಿರಲಿಲ್ಲ. ಅವಳು ಒಂದು ಮಾತನ್ನೂ ಹೇಳಿದಂತೆ ಮುಟ್ಟಿಸಲಿಲ್ಲ. ಆದರೂ ನಮ್ಮಿಬ್ಬರ ನಡುವೆ ಒಂದು ಮಾತೂ ಕೆಡಲಿಲ್ಲ.

ಅವಳು ಹೋದ ಮೇಲೆ ಕರ್ಮಾಂತರ ಮುಗಿಸಿ ನೀವು ತಾರಾಳನ್ನು ಇಲ್ಲಿಗೆ ತಂದಿರಿ. ಕೆಲವು ದಿನ ಇರಲಿ ಎಂದರು ಹಿರಿಯರು. ಆ ಕೆಲವು ದಿನ ಯಾವಾಗ ಮುಗಿಯುತ್ತವೆ ಎಂದು ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೂಸು ಇನ್ನೂ ಕೂಡಲು ಕಲಿತಿರಲಿಲ್ಲ, ಅದರ ಮೇಲೆ ನಾವಿಬ್ಬರೂ ಮಾತಿನ ಹೊರೆ ಹೊರಿಸಿದೆವು. "ತಾರಾ, ನಿಮ್ಮ ಪಪ್ಪಗ ಚಹಾ ಬೇಕೇನು ಕೇಳು" ಎಂದು ನಾನು. "ತಾರಾ, ಅಜ್ಜಿಗೆ ಹೇಳು, ಸಕ್ಕರಿ ಕಮ್ಮಿ" ಎಂದು ನೀವು. ಅದು ನಿಮ್ಮನ್ನೊಮ್ಮೆ, ಪರದೆಯನ್ನೊಮ್ಮೆ ನೋಡುತ್ತಿತ್ತು.

ಭಾನುವಾರಗಳು ಬಂದವು, ಒಂದೊಂದು ಭಾನುವಾರಕ್ಕೂ ಒಂದೊಂದು ಡಬ್ಬಿ ಬಂತು. ತೊಟ್ಟಿಲ ಮೇಲೆ ತಿರುಗುವ ಬ್ಯಾಟರಿ ಹಕ್ಕಿಗಳು, ಬಾಟಲಿ ಕುದಿಸುವ ಕರೆಂಟಿನ ಪಾತ್ರೆ, ಗಾಲಿಯ ವಾಕರ್, ತಳ್ಳುವ ಗಾಡಿ. ಡಬ್ಬಿಗಳು ದೊಡ್ಡವಾಗುತ್ತ ಬಂದವು, ನೀವು ಕೂಡುವ ಹೊತ್ತು ಸಣ್ಣದಾಗುತ್ತ ಬಂತು. ನಾನು ನೋಡುತ್ತಿದ್ದೆ. ಕೂಸಿನ ಮುಖದಲ್ಲಿ ಸಂಪದಾಳ ಗದ್ದ ಕಂಡಾಗಲೆಲ್ಲ ನಿಮ್ಮ ಕಣ್ಣು ಡಬ್ಬಿಯ ಕಡೆಗೆ ಹೋಗುತ್ತಿತ್ತು. ಅದಕ್ಕೆ ನಾನು ನಿಮ್ಮನ್ನು ಬೈಯುವವಳಲ್ಲ. ನನಗೂ ಆ ಗದ್ದ ಒರೆಸುವಾಗ ಕೈ ನಿಲ್ಲುತ್ತದೆ.

ಹೋದ ಭಾನುವಾರ ನೀವು ಎತ್ತಿಕೊಳ್ಳಲು ಕೈ ಚಾಚಿದಿರಿ. ತಾರಾ ಅಪರಿಚಿತರನ್ನು ಕಂಡವಳಂತೆ ಚೀರಿ, ಉಸಿರು ಕಟ್ಟುವ ಹಾಗೆ ಅತ್ತು, ಪರದೆಯೊಳಗೆ ತೂರಿ ನನ್ನ ಸೀರೆಯಲ್ಲಿ ಮುಖ ಹುದುಗಿಸಿದಳು. ನೀವು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಿರಿ. ಆಮೇಲೆ, "ತಾರಾ, ಅಜ್ಜಿಗೆ ಹೇಳು. ಪಪ್ಪ ಇನ್ನ ಬರೋದಿಲ್ಲ. ಸುಮ್ಮನ ಕೂಸಿಗೆ ತ್ರಾಸು. ಬೇಕಾದ್ದೆಲ್ಲ ಕಳಸ್ತಾನ, ಅಜ್ಜಿ ಹತ್ರನ ಇರು" ಎಂದಿರಿ. ನನ್ನ ಗಂಟಲಿನವರೆಗೆ ಉತ್ತರ ಬಂತು. ಯಾರ ಬಾಯಿಂದ ಹೇಳಿಸಲಿ? ಇದ್ದ ಒಬ್ಬಳು ಬಿಕ್ಕುತ್ತಿದ್ದಳು. ಕಾರಿನ ಬಾಗಿಲು ಹಾಕಿದ ಸದ್ದಾಯಿತು. ನಿನ್ನೆ ಮನೆಗೆಲಸದ ಗಂಗೂಬಾಯಿಯಿಂದ ನಂಬರು ಒತ್ತಿಸಿ ಫೋನು ಮಾಡಿದವಳು ನಾನೇ. ನೀವು "ಹಲೋ, ಯಾರು" ಎಂದಿರಿ. ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಉತ್ತರ ಇಷ್ಟು. ತಾರಾಳನ್ನು ನೀವು ಕರೆದುಕೊಂಡು ಹೋಗಬೇಕು, ಈ ಭಾನುವಾರವೇ.

ಕೊಡಲು ನನಗೆ ಮನಸ್ಸಿದೆ ಎಂದು ತಿಳಿಯಬೇಡಿ. ಅವಳು ನನ್ನನ್ನು "ಅವ್ವಾ" ಎನ್ನುತ್ತಾಳೆ. ಈ ಮನೆಯಲ್ಲಿ ಆ ಕೂಗು ನಿಂತುಹೋಗಿತ್ತು, ಮತ್ತೆ ಬಂತು. ಆದರೆ ನನ್ನ ಮೊಣಕಾಲು ನನಗೆ ಗೊತ್ತು, ನನ್ನ ವಯಸ್ಸೂ ಗೊತ್ತು. ತಾಯಿ ಹೋದದ್ದು ಅವಳಿಗೆ ತಿಳಿಯದ ವಯಸ್ಸಿನಲ್ಲಿ ಆಯಿತು. ನಾನು ಹೋಗುವಾಗ ಅವಳಿಗೆ ಎಲ್ಲ ತಿಳಿಯುತ್ತದೆ. ಒಂದೇ ಕೂಸು ಎರಡು ಸಲ ತಾಯಿಯನ್ನು ಕಳೆದುಕೊಳ್ಳಬಾರದು. ಆ ಹೊತ್ತಿಗೆ ನೀವು ಅವಳಿಗೆ ಡಬ್ಬಿ ಕಳಿಸುವ ಯಾರೋ ಆಗಿದ್ದರೆ ಅವಳು ಯಾರ ಸೀರೆಯಲ್ಲಿ ಮುಖ ಹುದುಗಿಸಬೇಕು?

ನಿಮ್ಮಿಂದ ಆಗುವುದಿಲ್ಲ ಎನ್ನುತ್ತೀರಿ, ನನಗೆ ಗೊತ್ತು. ಸಂಪದಾಗೂ ಮೊದಲು ಆಗುತ್ತಿರಲಿಲ್ಲ. ಕಲಿತಳು. ನಿಮ್ಮ ಕೊಂಡಾಪುರದ ಫ್ಲ್ಯಾಟನ್ನು ನಾನು ಅವಳ ಕೊನೆಯ ಜ್ವರದ ದಿನಗಳಲ್ಲಿ ಚೆನ್ನಾಗಿ ನೋಡಿದ್ದೇನೆ, ಮಾಡಲು ಬೇರೇನೂ ಇರಲಿಲ್ಲ. ಆ ಮನೆ ನಡೆಯುವ ಕೂಸಿಗೆ ತಯಾರಿಲ್ಲ. ನಡುಮನೆಯ ಗಾಜಿನ ಮೇಜನ್ನು ಯಾರಿಗಾದರೂ ಕೊಟ್ಟುಬಿಡಿ. ಕೊಡಲು ಆಗದಿದ್ದರೆ ಮೂಲೆಗಳಿಗೆ ಹಳೆಯ ಪಂಜೆ ದಪ್ಪಗೆ ಸುತ್ತಿ ಕಟ್ಟಿ. ಮೇಜಿನ ಮೇಲೆ ಬಟ್ಟೆ ಹಾಸಬೇಡಿ. ಅವಳು ಅದರ ತುದಿ ಹಿಡಿದು ಎಳೆದರೆ ಮೇಲಿನ ಬಿಸಿ ಚಹಾ ಅವಳ ಮೇಲೇ ಬೀಳುತ್ತದೆ. ಬಾಲ್ಕನಿಯ ಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿ, ಕಂಬಿಗಳ ನಡುವೆ ಬಲೆ ಬಿಗಿಸಿ, ಅಲ್ಲಿಟ್ಟ ಪ್ಲಾಸ್ಟಿಕ್ ಸ್ಟೂಲು ಒಳಗೆ ತನ್ನಿ. ಅವಳು ಈಗ ಯಾವುದನ್ನು ಕಂಡರೂ ಹತ್ತುತ್ತಾಳೆ. ಬಚ್ಚಲಮನೆಯ ಒಳಗಿನ ಕೆಳ ಚಿಲಕ ಬಿಚ್ಚಿಸಿಬಿಡಿ. ನಮ್ಮ ಓಣಿಯಲ್ಲಿ ಒಂದು ಕೂಸು ಒಳಗಿನಿಂದ ಚಿಲಕ ಹಾಕಿಕೊಂಡು, ತೆಗೆಯಲು ಬಾರದೆ, ಬಡಗಿಯನ್ನು ಕರೆಸಿ ಬಾಗಿಲು ಒಡೆಸಬೇಕಾಯಿತು.

ಒಂದು ಮಾತು ಮರೆಯಲೇಬೇಡಿ. ಬಕೆಟ್ಟಿನಲ್ಲಿ ನೀರು ಬಿಡಬಾರದು. ನಲ್ಲಿ ಯಾವಾಗ ನಿಲ್ಲುತ್ತದೋ ಎಂದು ತುಂಬಿಡುವುದು ಈ ಊರಿನ ಚಾಳಿ, ನನಗೂ ಇತ್ತು. ಗೇಣು ನೀರಿದ್ದರೂ ಕೂಸು ಬಗ್ಗಿದರೆ ತಲೆ ಭಾರಕ್ಕೆ ಮೇಲೇಳಲು ಆಗುವುದಿಲ್ಲ, ಕೂಗಲೂ ಆಗುವುದಿಲ್ಲ. ಬಳಸಿದ ಮೇಲೆ ಬೋರಲು ಹಾಕಿ, ಬಾಗಿಲು ಎಳೆದುಕೊಳ್ಳಿ. ಸ್ನಾನಕ್ಕೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿ. ಅಂಗೈಗೆ ಬಿಸಿ ತಿಳಿಯುವುದಿಲ್ಲ, ನಿಮ್ಮ ಚಹಾ ಲೋಟ ಹಿಡಿಯುವ ರೂಢಿಯ ಕೈಗಂತೂ ತಿಳಿಯುವುದೇ ಇಲ್ಲ. ಎಣ್ಣೆ ಮೈಗೆ ಮಾತ್ರ, ಕಿವಿಗೆ ಮೂಗಿಗೆ ಬೇಡ, ಯಾವ ಹಿರಿಯರು ಹೇಳಿದರೂ ಬೇಡ. ಸ್ನಾನದ ನಡುವೆ ಫೋನು ಬಂದರೆ ಬಡಿದುಕೊಳ್ಳಲಿ ಬಿಡಿ.

ನೀವು ತಂದ ಸಾಮಾನಿನಲ್ಲಿ ತಳ್ಳುವ ಗಾಡಿ ಒಳ್ಳೆಯದು. ನಮ್ಮ ಓಣಿಯ ಕಲ್ಲುಮಣ್ಣಿನಲ್ಲಿ ಅದು ನಡೆಯಲಿಲ್ಲ, ನಿಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಸಿಮೆಂಟಿನ ಮೇಲೆ ನಡೆಯುತ್ತದೆ. ಹಿಡಿಕೆಗೆ ತರಕಾರಿ ಚೀಲ ತೂಗಿಸಬೇಡಿ, ಹಿಂದಕ್ಕೆ ಮಗುಚುತ್ತದೆ. ವಾಕರನ್ನು ನಾನು ಅಟ್ಟಕ್ಕೆ ಹಾಕಿದ್ದೇನೆ, ಅಲ್ಲೇ ಇರಲಿ. ಅದರಲ್ಲಿ ಕೂತರೆ ತುದಿಗಾಲಲ್ಲಿ ಓಡುತ್ತಾಳೆ, ಹೊಸ್ತಿಲು ಸಿಕ್ಕರೆ ಮುಗ್ಗರಿಸುತ್ತಾಳೆ, ನಾವು ಹಿಡಿಯುವ ಮೊದಲೇ. ಅದರ ಬದಲು ಮರದ ಮೂರುಗಾಲಿಯ ಬಂಡಿ ಕೊಟ್ಟು ಕಳಿಸುತ್ತೇನೆ, ನಿಮಗೆ ನೆನಪಿರಬೇಕು. ಸಂಪದಾ ಬಸುರಿಯಿದ್ದಾಗ ಜನವರಿಯಲ್ಲಿ ನೀವಿಬ್ಬರೂ ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಹೋಗಿ ತಂದದ್ದು. ಹುಟ್ಟುವ ಮೊದಲೇ ಕೂಸಿನ ಸಾಮಾನು ತರಬಾರದು ಎಂದು ನಾನು ಬೈದಿದ್ದೆ. "ನಾ ತಂದಿಲ್ಲವ್ವ, ನಿನ್ನ ಅಳಿಯ ತಂದಾನ, ಬೈಯೋದಿದ್ರ ಹೊರಗ ಹೋಗಿ ಬೈ" ಎಂದಿದ್ದಳು. ಈಗ ತಾರಾ ಅದನ್ನು ಹಿಡಿದು ತಳ್ಳಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಾಳೆ.

ಬಾಟಲಿ ಬೇಡ, ಬಿಡಿಸಿದ್ದೇನೆ. ಸ್ಟೀಲಿನ ಲೋಟದಲ್ಲಿ ಅರ್ಧ ಕುಡಿಯುತ್ತಾಳೆ, ಅರ್ಧ ಅಂಗಿಗೆ. ಬೆಳಿಗ್ಗೆ ಹೆಸರುಬೇಳೆ ಮತ್ತು ಅಕ್ಕಿ ಹುರಿದು ಮೆತ್ತಗೆ ಬೇಯಿಸಿದ ಕಿಚಡಿ, ಮೇಲೆ ತುಪ್ಪ. ಶೇಂಗಾ ಇಡಿಯಾಗಿ ಕೊಡಬಾರದು, ದ್ರಾಕ್ಷಿಯನ್ನು ಸೀಳಿ ಕೊಡಬೇಕು, ಗಂಟಲಲ್ಲಿ ಕೂತರೆ ತೆಗೆಯುವುದು ಕಷ್ಟ. ಉಣಿಸುವಾಗ ಅವಸರ ಮಾಡಿದರೆ ಬಾಯಿ ಬಿಗಿಯುತ್ತಾಳೆ. ಆಗ ನೀವೇ ಒಂದು ತುತ್ತು ತಿನ್ನಿ, ತನ್ನದನ್ನು ಯಾರೋ ತಿಂದರು ಎಂದು ತಾನೇ ಬಾಯಿ ತೆರೆಯುತ್ತಾಳೆ. ಸಂಪದಾಳೂ ಹಾಗೇ.

ಸೊಳ್ಳೆಪರದೆಯನ್ನು ಕೋಠಿ ಬಜಾರಿಗೆ ಹೋಗಿ ನಾನೇ ಆರಿಸಿ ತಂದಿದ್ದೇನೆ. ಹಗಲು ಮಲಗಿದರೂ ಕಟ್ಟಬೇಕು. ಹೂವಿನ ಕುಂಡದ ತಟ್ಟೆಯ ನೀರು, ಕೂಲರಿನ ನೀರು ವಾರವಾರ ಚೆಲ್ಲಬೇಕು. ಜ್ವರ ಬಂದರೆ ನಾಳೆ ನೋಡೋಣ ಎನ್ನಬಾರದು. ಇದರ ಬಗ್ಗೆ ಹೆಚ್ಚು ಬರೆಯಲಾರೆ, ನಿಮಗೂ ಓದಲಾಗುವುದಿಲ್ಲ.

ಹಗಲು ನೋಡಿಕೊಳ್ಳಲು ಗಂಗೂಬಾಯಿ ಬರುತ್ತಾಳೆ. ಸುರಪುರದ ಕಡೆಯವಳು. ನಮ್ಮಲ್ಲಿ ಕೂಸಿನ ಬಟ್ಟೆ ಒಗೆಯುತ್ತಾಳೆ, ಅದರ ಜೊತೆ ಆಡುತ್ತಾಳೆ. ಅವಳ ಗಂಡನಿಗೆ ನಿಮ್ಮ ಕಡೆ ಹೊಸ ಕಟ್ಟಡದಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೇ ಹೋಗುತ್ತಿದ್ದಾರೆ. ಕೇಳಿದಾಗ, "ಅಲ್ಲರೀ ಅವ್ವಾರ, ನಾ ಹೊಂಟೀನಂತ ಕೂಸನ್ನೂ ಹೊಂಡಸಾಕತ್ತೀರೇನು? ಆಮ್ಯಾಲ ಈ ಮನ್ಯಾಗ ನೀವು ಯಾರ ಕೂಡ ಜಗಳಾ ಆಡಾವ್ರು?" ಎಂದಳು. ನಾನು ನಗದೆ ಕೂಸಿನ ಅಂಗಿ ಮಡಚುತ್ತ ಕೂತೆ. "ನಕ್ಕರ ಏನಾಕ್ಕೈತ್ರಿ" ಎಂದು ಗೊಣಗಿ, ಕಣ್ಣೊರೆಸಿಕೊಂಡು ಬಟ್ಟೆ ಹಿಂಡಲು ಹೋದಳು. ತಾರಾಗೆ ಅವಳ ದನಿ ಪರಿಚಯ, ಹಗಲು ಅಳುವುದಿಲ್ಲ. ನೀವು ಆಫೀಸಿನಲ್ಲಿ ಕೇಳಿ ರಾತ್ರಿ ಪಾಳಿ ಬಿಡಿಸಿಕೊಳ್ಳಿ. ಸಂಜೆಯಾದ ಮೇಲೆ ಅವಳಿಗೆ ನೀವೇ ಬೇಕು.

ಏಕೆಂದರೆ ಮೊದಲ ರಾತ್ರಿಗಳು ಅಳುತ್ತಾಳೆ. "ಅವ್ವಾ" ಎಂದು ಅಳುತ್ತಾಳೆ. ಅದು ನನ್ನನ್ನು ಕೂಗುವುದು, ನೀವು ಬೇರೆ ತಿಳಿದು ಕುಸಿಯಬೇಡಿ. ಹೆಗಲ ಮೇಲೆ ಹಾಕಿಕೊಂಡು ನಡೆಯಿರಿ, ಬೆನ್ನು ತಟ್ಟಬೇಡಿ, ನೀವಬೇಕು. ಸಂಪದಾಳ ಹಳೆಯ ಸೀರೆಗಳ ಕೌದಿ ಹೊಲಿದಿದ್ದೇನೆ, ಅದರ ಹಳದಿ ಮೂಲೆಯನ್ನು ಕೈಗೆ ಕೊಡಿ. ಸದ್ಯಕ್ಕೆ ಅದನ್ನು ಒಗೆಯಬೇಡಿ. ನಿಮಗೆ ಮೈಲಿಗೆ ಅನ್ನಿಸಬಹುದು, ಅವಳಿಗೆ ಆ ವಾಸನೆಯೇ ನಿದ್ದೆ. ಎಷ್ಟು ಅತ್ತರೂ ನನಗೆ ಫೋನು ಮಾಡಬೇಡಿ. ಕೇಳಿದರೆ ನಾನು ಬಂದುಬಿಡುತ್ತೇನೆ, ಬಂದರೆ ಎಲ್ಲ ಮೊದಲಿನಂತೆ ಆಗುತ್ತದೆ. ಅವಳು ನಿಮ್ಮ ಹೆಗಲಿಗೆ ಒಗ್ಗಿದ ಮೇಲೆ ಹೇಳಿ ಕಳಿಸಿ. ಸಿಕಂದರಾಬಾದಿನಿಂದ ಎಂಎಂಟಿಎಸ್ ರೈಲು ಹತ್ತಿ ಹಫೀಜ್‌ಪೇಟೆಯಲ್ಲಿ ಇಳಿಯುತ್ತೇನೆ, ಗಾರ್ಡಿನ ಹೆಂಡತಿಗೆ ರೈಲು ಹೇಳಿಕೊಡಬೇಕಾಗಿಲ್ಲ.

ನಿಮ್ಮ ಫೋಟೋ ತೋರಿಸಿ "ಪಪ್ಪ" ಎನ್ನಲು ಕಲಿಸುತ್ತಿದ್ದೇನೆ. ಎನ್ನುತ್ತಾಳೆ. ಆದರೆ ಹಾಲಿನವನಿಗೂ ಎನ್ನುತ್ತಾಳೆ, ಬಾಗಿಲಿಗೆ ಬಂದ ಸೊಪ್ಪಿನವನಿಗೂ ಎನ್ನುತ್ತಾಳೆ. ಬೇಜಾರು ಮಾಡಿಕೊಳ್ಳಬೇಡಿ. ದಿನಾ ಸಂಜೆ ಅದೇ ಮುಖ ಕಂಡರೆ ತಾನೇ ಆರಿಸಿಕೊಳ್ಳುತ್ತಾಳೆ.

ಇಷ್ಟುದ್ದ ಬರೆದೆ. ಸಂಪದಾ ಇದ್ದಿದ್ದರೆ ಪರದೆಯ ಹೊರಗೆ ನಿಂತು ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: "ನಮ್ಮವ್ವ ಒಳಗ ಅಳಲಿಕತ್ತಾಳ್ರಿ, ಲಗೂ ಕೂಸನ್ನ ಕರಕೊಂಡು ಹೋಗ್ರಿ ಅಂತಾಳ." ಆ ಒಂದು ಸಲ ಅವಳು ನಾನು ಹೇಳಿದ್ದನ್ನು ಬದಲಿಸಿದಂತೆ ಆಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳಿಗೆ ಎರೆದು, ಉಣಿಸಿ, ತಯಾರು ಮಾಡಿರುತ್ತೇನೆ. ಸಾಮಾನು ಗಂಗೂಬಾಯಿ ಕಾರಿಗೆ ಇಡುತ್ತಾಳೆ. ನಾನು ಪರದೆಯ ಹಿಂದೆ ಇರುವುದಿಲ್ಲ, ಹೊಸ್ತಿಲವರೆಗೆ ಬಂದು ನಾನೇ ಕೊಡುತ್ತೇನೆ. ಆಗ ನನಗೆ ಮಾತು ಬರುತ್ತದೋ ಇಲ್ಲವೋ, ಅದಕ್ಕೇ ಎಲ್ಲವನ್ನೂ ಇದರಲ್ಲಿ ಬರೆದಿದ್ದೇನೆ. ಅವಳು ಚೀರುತ್ತಾಳೆ, ಒದೆಯುತ್ತಾಳೆ, ನನ್ನ ಸೆರಗು ಹಿಡಿದು ಬಿಡುವುದಿಲ್ಲ. ನೀವು ಬಿಡಿಸಿಕೊಂಡು ಹೋಗಬೇಕು, ಹಿಂತಿರುಗಿ ನೋಡಬಾರದು. ಈ ಸಲ ಡಬ್ಬಿ ತರಬೇಡಿ, ಏನೂ ತರಬೇಡಿ. ನಿಮಗೆ ಎರಡೂ ಕೈ ಬೇಕಾಗುತ್ತವೆ.

ನೂರು ಕಾಲ ಇಬ್ಬರೂ ಒಬ್ಬರಿಗೊಬ್ಬರು ಇರಿ.

ನಿಮ್ಮ ಅತ್ತೆ,
ಸುಂದರಾಬಾಯಿ