ಬೆನ್ನಿಗೆ ಬಿದ್ದ ಬಿಸಲು

ಮರೋಳ, ಮಂಗಳವಾರ
೧೦ ಜೂನ್ ೨೦೨೫

ಪ್ರೀತಿಯ ಮಗಳು ಶೀಲಾಗ,

ಬಸವಣ್ಣ ನಿನ್ನ ಚಲೋ ಇಡಲಿ. ಕೆಮ್ಮು ಕಡಿಮಿ ಆತೇನು? ಹುಬ್ಬಳ್ಳಿ ನೀರು ಕಾಸಿ ಕುಡಿ. ನಿಮ್ಮಪ್ಪಗ ಮೊಣಕಾಲು ಹಿಡದಾವು, ಹೊಲಕ್ಕ ಹೋಗೂದು ಮಾತ್ರ ಬಿಟ್ಟಿಲ್ಲ. ಫೋನಿನ್ಯಾಗ ಹೇಳಿದ್ರ ನೀ ನಡುವ ಬಾಯಿ ಹಾಕ್ತಿ, ಅದಕ್ಕ ಬರ್ಯಾಕ ಕುಂತೇನಿ. ಪೂರಾ ಓದು.

ಮಗ್ಗಲ ಮನಿ ಜೈನಬಿ ಮಗಳು ಫರಹಾನಾಗ ಭಾನುವಾರ ಬಾಗಲಕೋಟ್ಯಾಗ ನರ್ಸ್ ನೌಕರಿ ಪರೀಕ್ಷಾ ಇತ್ತು. ಮುಂದಿನ ವರ್ಷ ವಯಸ್ಸು ಮೀರತೈತಿ, ಇದ ಕಡೀದು. ಹತ್ತಕ್ಕ ಗೇಟ್ ಹಾಕ್ತಾರಂತ. ಜೈನಬಿಗೆ ಜ್ವರ, ಅದಕ್ಕ ಜೋಡಿ ನಾ ಹೋದೆ. ತಾಲೂಕಿನ ಬಸ್‌ಸ್ಟ್ಯಾಂಡಿನ್ಯಾಗ ಇಳಿದಾಗ ಎಂಟಕ್ಕ ಐದ ಮಿನಿಟ ಇತ್ತು. ಭಾನುವಾರ ಬಸ್ಸು ಕಡಿಮಿ. ಎಂಟರದು ತಪ್ಪಿದ್ರ ಮುಂದಿಂದು ಒಂಬತ್ತಕ್ಕ. ಫರಹಾನಾ, ‘ದೊಡ್ಡವ್ವ, ಕಂಡಕ್ಟರನ್ನ ಕೇಳೂಣ್ರಿ’ ಅಂದಳು. ‘ಕೇಳೂದ್ಯಾಕ ಹುಡುಗಿ, ನಮ್ಮ ಶೀಲಾ ಬರದ ಬಸ್‌ಸ್ಟ್ಯಾಂಡಿನ ನಕಾಶಿ ಗ್ವಾಡಿ ಮ್ಯಾಲ ಐತಿ’ ಅಂತ ಆಕಿ ಕೈ ಹಿಡದು ಅದರ ಮುಂದ ನಿಂದ್ರಿಸಿದೆ. ಎದಿ ಉಬ್ಬಿತ್ತು, ಖರೆ ಹೇಳ್ತೇನಿ. ಬಣ್ಣ ಚಂದ, ಅಕ್ಷರ ದಪ್ಪ, ಹಳ್ಳಿ ಸಾಲಿ ಕಲಿತ ನನಗೂ ತಿಳೀತು. ಬಾಗಲಕೋಟಿ ಬಸ್ಸು ಬಲಗೈಗೆ, ಕಟ್ಟಕಡೀ ಪ್ಲಾಟ್‌ಫಾರ್ಮ್. ಬಲಕ್ಕ ಓಡಿದಿವಿ. ಅಲ್ಲಿ ಇಳಕಲ್ಲ ಬಸ್ಸು ನಿಂತಿತ್ತು. ತಿರುಗಿ ಎಡಕ್ಕ ಓಡೂದ್ರಾಗ ನಮ್ಮ ಬಸ್ಸು ಗೇಟ್ ದಾಟಿತ್ತು. ಕೂಗಿದೆ, ಯಾರಿಗೆ ಕೇಳಸ್ತೈತಿ.

ಮತ್ತ ಬಂದು ನಕಾಶಿ ಮುಂದ ನಿಂತೆ. ಬಿಸಲಿಗೆ ಬೆನ್ನು ಸುಡಾಕತ್ತಿತು. ದಿನಾ ಲಿಂಗಪೂಜಿಗೆ ಮೂಡಲಕ್ಕ ಮುಖ ಮಾಡಿ ಕೂಡಾಕಿ ನಾ, ಮುಂಜಾನಿ ಬಿಸಲು ನನ್ನ ಮಾರಿ ಮ್ಯಾಲ ಬೀಳತೈತಿ. ನೀ ನಕಾಶಿ ಮ್ಯಾಲಿನ ತುದಿಗೆ ‘ಪೂರ್ವ’ ಅಂತ ಬರದಿ, ನನ್ನ ಎದುರಿಗಿದ್ದದ್ದು ಪಡುವಣ ಗ್ವಾಡಿ. ಮೂಡಲ ಗ್ವಾಡಿಗಂತ ಬರದದ್ದನ್ನ ಬ್ಯಾರೆ ಗ್ವಾಡಿಗೆ ಹೊಡದಾರ, ಬಲ ಎಡ ಆಗೇತಿ.

ಒಂಬತ್ತರ ಬಸ್ಸಿಗೆ ಹೋದ್ರ ಹತ್ತಕ್ಕ ಮುಟ್ಟೂದಿಲ್ಲಂತ ನಮ್ಮೂರ ಶಂಕ್ರಪ್ಪನ ಟೆಂಪೊದಾಗ ಉಳ್ಳಾಗಡ್ಡಿ ಚೀಲದ ಮ್ಯಾಲ ಕುಂತು ಹೋದಿವಿ. ದಾರಿಯುದ್ದಕ್ಕೂ ಆಕಿ ಕೈಗಡಿಯಾರ ನೋಡತಿದ್ದಳು, ನಾ ಲಿಂಗ ಹಿಡಕೊಂಡಿದ್ದೆ. ಮುಟ್ಟಿದಾಗ ಹತ್ತು ಹೊಡದು ನಾಕ ಮಿನಿಟ. ಕಾವಲುಗಾರ ‘ಆಗೂದಿಲ್ಲರಿ ಬಾಯಾರ’ ಅಂದ. ಫರಹಾನಾ ಅಳಲಿಲ್ಲ. ಬರುವಾಗ ಒಂದ ಮಾತು ಅಂದಳು: ‘ಶೀಲಕ್ಕಗ ಹೇಳಬ್ಯಾಡ್ರಿ, ನೊಂದ್ಕೊತಾಳ.’

ಹೇಳದ ಹ್ಯಾಂಗ ಇರಲಿ? ಬರೂ ಸೋಮವಾರ ಇಳಕಲ್ಲ, ಬಾದಾಮಿ ಬಸ್‌ಸ್ಟ್ಯಾಂಡಿಗೆ ಇಂಥಾವ ನಕಾಶಿ ಏರಸ್ತಾರಂತ ನೀನ ಹೇಳಿದ್ದಿ. ಗ್ವಾಡಿ ಮುಂದ ನೀನ ನಿಂತು ನೋಡು, ಹೊತ್ತು ಯಾವ ಕಡೆ ಮೂಡತೈತಿ ನೋಡು. ಅಲ್ಲಿತನಾ ಮೊಳಿ ಹೊಡಿಸಬ್ಯಾಡ.

ನಿಮ್ಮಪ್ಪ ಆಶೀರ್ವಾದ ಹೇಳ್ಯಾರ. ಹೊತ್ತಿಗೆ ಸರಿಯಾಗಿ ಉಣ್ಣು. ಸಂಗಮನಾಥ ಕಾಯಲಿ.

ನಿನ್ನ ಅವ್ವ,
ನಾಗರತ್ನಾ

ತಾ.ಕ.: ಸಂಕ್ರಾಂತಿಗೆ ಬಂದಾಗ ಆ ನಕಾಶಿ ಫೋಟೊ ತೋರಿಸಿ, ‘ಗ್ವಾಡಿ ತಪ್ಪೇತಿ, ಮಂದಿ ಹ್ಯಾಂಗೂ ಕೇಳೇ ಹತ್ತತಾರ ಬಿಡವ್ವ’ ಅಂತ ನಕ್ಕಿದ್ದಿ. ತಿಳೀಲಾರದ ನಾನೂ ನಕ್ಕಿದ್ದೆ. ಫರಹಾನಾಗ ಕಂಡಕ್ಟರನ್ನ ಕೇಳಗೊಡದ ಇದ್ದದ್ದು ನನ್ನ ತಪ್ಪು, ಅದನ್ನ ಜೈನಬಿ ಮುಂದ ಒಪ್ಪೇನಿ. ನಿನಗ ಮೊದಲ ಗೊತ್ತಿತ್ತಂತ ಹೇಳಿಲ್ಲ. ಭಾನುವಾರ ಬಾ. ಫರಹಾನಾ ಮನಿತನಾ ನಾ ಜೋಡಿ ಬರ್ತೇನಿ, ಮಾತು ನೀ ಆಡು.