ಎರಡು ವೃತ್ತ, ಒಂದು ಬಾಣ

ಬಿಡದಿ
14-3-2007

ಜಯಕುಮಾರ್ ಸಾರ್‌ಗೆ,

ಇನ್‌ಸ್ಪೆಕ್ಷನ್ ವಿಭಾಗದ ಶುಕೂರ್ ಮಾಡುವ ನಮಸ್ಕಾರ. ಲೇತ್ ನಡೆಸುವ ಟರ್ನರ್ ಬಾಲರಾಜು ಮಾಡಿದ ನಲವತ್ತು ಶಾಫ್ಟ್‌ಗಳನ್ನು ನಾನು ರಿಜೆಕ್ಟ್ ಮಾಡಿದೆ. ನೀವು ಆತನನ್ನು ಕೆಲಸದಿಂದ ತೆಗೆದಿರಿ.

ಮೊನ್ನೆ ಆ ಶಾಫ್ಟಿನ ಡ್ರಾಯಿಂಗ್ ಮತ್ತೆ ನೋಡಿದೆ. ಅಲ್ಲಿರುವುದು ಒಂದರೊಳಗೊಂದು ವೃತ್ತದ ಗುರುತು. ಅಂದರೆ ಶಾಫ್ಟಿನ ಎರಡೂ ತುದಿಗಳ ನಡುಗೆರೆ ಒಂದೇ ಆಗಿರಬೇಕು, ಅಷ್ಟೇ. ತಿರುಗಿಸಿದಾಗ ಮೈ ಅಲುಗಬಾರದು ಎನ್ನುವ ಬಾಣದ ಗುರುತು ಅದರಲ್ಲಿಲ್ಲ. ನಾನು ಮಾತ್ರ ಅಭ್ಯಾಸಬಲದಿಂದ ತಿರುಗಿಸಿ ನೋಡಿ, ಡಯಲ್ ಗೇಜಿನ ಮುಳ್ಳು ಆಡಿದ್ದಕ್ಕೆಲ್ಲ ಕೆಂಪು ಬಣ್ಣ ಬಳಿದೆ.

"ಮೈ ಒಸಿ ಮೊಟ್ಟೆಯಂಗೈತೆ, ಅದ್ಕೇ ಮುಳ್ಳು ಆಡ್ತದೆ. ನಡು ಎಲ್ಲೂ ಹೋಗಿಲ್ಲ ಕಣಣ್ಣ" ಎಂದು ಆತ ಅವತ್ತೇ ಹೇಳಿದ್ದ. ಟೀ ಹೊತ್ತಾಗಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ನಿನ್ನೆ ಎಲ್ಲವನ್ನೂ ಅಳತೆ ಕೋಣೆಯಲ್ಲಿ ಅಳೆಸಿದೆ. ದಪ್ಪ ಡ್ರಾಯಿಂಗಿನ ಮಿತಿಯೊಳಗೇ ಇದೆ, ನಡುಗೆರೆಯೂ ಸರಿಯಿದೆ. ಹದಿನೇಳು ವರ್ಷ ಮುಳ್ಳು ನೋಡಿ ನನ್ನ ಕಣ್ಣು ಸೋತಿರುವುದು ನಿಜ, ಆದರೆ ಈ ತಪ್ಪು ಕಣ್ಣಿನದಲ್ಲ.

ಆತನ ಊರು ಮರಳವಾಡಿಗೆ ಕಾಗದ ಹಾಕಿ ಆತನನ್ನು ಕರೆಸಿಕೊಳ್ಳಿ. ಗೇಟಿನ ಬೋರ್ಡಿನಲ್ಲಿ 'ಬೇಜವಾಬ್ದಾರಿ ಕೆಲಸ' ಎಂಬ ನೋಟಿಸ್ ಇನ್ನೂ ಇದೆ. ಹೊಸದು ಟೈಪ್ ಮಾಡಿಸುವುದು ಬೇಡ; ಅದರಲ್ಲಿರುವ ಆತನ ಹೆಸರೊಂದನ್ನು ಹೊಡೆದುಹಾಕಿ ನನ್ನದು ಬರೆದರೆ ಸಾಕು.

ನಿಮ್ಮ ವಿಧೇಯ,
ಶುಕೂರ್