ತೊಳೆದರೆ ಹೋಗುವ ಬಣ್ಣ

ಇಳಕಲ್
ಮಂಗಳವಾರ, ೧೨-೨-೧೯೮೫

ನಮ್ಮ ಮನೆಯವರಿಗೆ ರತ್ನಾಬಾಯಿಯ ನಮಸ್ಕಾರಗಳು.

ಮೊದಲು ಕೈ ಹೇಗಿವೆ ಹೇಳಿ. ಉರಿ ಕಡಿಮೆಯಾಯಿತೇ? ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀರೋ ಇಲ್ಲವೋ? ಚಿಮಣಿ ಎಣ್ಣೆಯಲ್ಲಿ ತಿಕ್ಕಿದಿರೆಂದು, ನಿಮ್ಮಲ್ಲಿಗೂ ಇಲ್ಲಿಗೂ ಓಡಾಡುವ ನಮ್ಮ ಓಣಿಯ ಮಲಕಪ್ಪ ಹೇಳಿದ. ಇನ್ನು ಹಾಗೆ ಮಾಡಬೇಡಿ, ಚರ್ಮ ಹೋಗುತ್ತದೆ, ಬಣ್ಣ ಉಳಿಯುತ್ತದೆ. ನೀವು ಉಳಿದುಕೊಂಡಿರುವ ಶಿವಯೋಗ ಮಂದಿರದಲ್ಲಿ ಎರಡು ಹೊತ್ತು ಪ್ರಸಾದವಿದೆಯೆಂದು ಗೊತ್ತು. ಆದರೆ ಪಂಕ್ತಿಯಲ್ಲಿ ಟವೆಲ್ಲಿನಿಂದ ಕೈ ಹೊರಗೆ ತೆಗೆಯಲು ನಾಚಿ, ಎಲ್ಲರೂ ಎದ್ದ ಮೇಲೆ ಮೂಲೆಯಲ್ಲಿ ಕೂತು ಉಣ್ಣುತ್ತೀರಂತೆ. ಅವ್ವ ಆರಾಮ ಇದ್ದಾರೆ, ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ. ಅವರೊಬ್ಬರನ್ನೇ ಬಿಟ್ಟು ಬರಲಾಗದ್ದಕ್ಕೇ ಈ ಪತ್ರ. ಏಳನೆಯ ಇಯತ್ತೆ ಕಲಿತವಳು ನಾನು, ಕಾಗದ ಹಿಡಿದರೆ ಪುಸ್ತಕದ ಭಾಷೆಯೇ ಬರುತ್ತದೆ, ನಗಬೇಡಿ. ಲಕೋಟೆಯ ಮೇಲಿನ ನಿಮ್ಮ ಹೆಸರು ಮಲಕಪ್ಪ ಬರೆದದ್ದು. ಗಂಡನ ಹೆಸರು ಬರೆಯಲು ನನಗೆ ಇನ್ನೂ ಕೈ ಏಳುವುದಿಲ್ಲ.

ನೀವು ಮನೆಗೆ ಬಾರದೆ ಇಂದಿಗೆ ಇಪ್ಪತ್ತೈದು ದಿನ. ಬಾದಾಮಿಯಿಂದ ಹೊರಟು ಅಮೀನಗಡದ ತನಕ ಬಂದಿದ್ದಿರಂತೆ. ಬಸ್ಸು ನಿಂತಾಗ ಇಳಿದು, ಅವ್ವನಿಗೆಂದು ಕರದಂಟು ಕಟ್ಟಿಸಿ ಮಲಕಪ್ಪನ ಕೈಗೆ ಕೊಟ್ಟು, "ಓಣ್ಯಾಗ ಯಾವ ಕೈ ತೋರಸ್ಲಿ" ಎಂದು ವಾಪಸು ಬಾದಾಮಿಯ ಬಸ್ಸು ಹಿಡಿದು ಹೋದಿರಂತೆ. ಹುನಗುಂದ ದಾಟಿದರೆ ಮನೆಯೇ ಅಲ್ಲವೇ? ಅವ್ವನಿಗೆ ಕರದಂಟು ಬಂತು, ನನಗೆ ಒಂದು ಮಾತೂ ಬರಲಿಲ್ಲ. ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಅವ್ವ ಹಲ್ಲಿಲ್ಲದ ಬಾಯಲ್ಲಿ ಅದನ್ನು ಚೀಪುತ್ತ, ಮಗ ಮದ್ರಾಸಿನಿಂದ ಕಳಿಸಿದ್ದಾನೆಂದು ಓಣಿಗೆಲ್ಲ ಹೇಳಿದರು. ಮದ್ರಾಸಿನಲ್ಲಿ ಅಮೀನಗಡದ ಕರದಂಟು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ನಾನೂ ತಿದ್ದಲಿಲ್ಲ.

ಬಾಗಲಕೋಟೆಯ ಟಾಕೀಜಿನಲ್ಲಿ ನಾವಿಬ್ಬರೂ ನೋಡಿದ ಕೊಲೆ ಸಿನಿಮಾ ನಿಮಗೆ ನೆನಪಿದೆಯೇ? ಮುಖವಾಡದವನೊಬ್ಬ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ. ಅವರು ಓಡುತ್ತಾರೆ, ಇವನು ನಡೆಯುತ್ತಾನೆ, ಆದರೂ ಇವನೇ ಮುಂದೆ. ನೀವು ನನ್ನ ಕಿವಿಯಲ್ಲಿ, "ಇಂವಗೇನ ಒಳದಾರಿ ಗೊತ್ತೈತೇನ" ಎಂದಿರಿ. ನಾನು ಸೆರಗು ಕಚ್ಚಿಕೊಂಡು ನಕ್ಕೆ, ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಬಾದಾಮಿಗೆ ಬಂದ ಮದ್ರಾಸಿನ ಸಿನಿಮಾದವರು ತೆಗೆಯುತ್ತಿದ್ದದ್ದು ಅಂಥ ಸಿನಿಮಾಗಳನ್ನೇ ಅಣಕಿಸುವ ಸಿನಿಮಾ. ಕೊಲ್ಲಲು ಬಂದು ಒಬ್ಬರನ್ನೂ ಪೂರಾ ಕೊಲ್ಲಲಾಗದ ಕೊಲೆಗಾರನ ಕಥೆ. ದೀಪ ಆರಿದ ಮನೆಯೊಳಗೆ ಹುಡುಗಿ ಒಬ್ಬಳೇ ಹೋಗಿ ಯಾರು ಅಲ್ಲಿ ಎಂದು ಕೂಗಿದರೆ, ಕೊಲೆಗಾರ ಕತ್ತಲಿನಿಂದ "ನಾನ್ರಿ" ಎನ್ನುತ್ತಾನೆ. ನಮ್ಮ ಓಣಿಯ ನಾಟಕದಲ್ಲಿ ನಿಮ್ಮ ಹಾಸ್ಯ ನೋಡಿದ್ದ ಯಾರೋ ಹೇಳಿದ್ದಕ್ಕೆ ಆ ಪಾತ್ರ ನಿಮಗೆ ಬಂತು. ಓಣಿಯವರೆಲ್ಲ ಹಾರ ಹಾಕಿ ಬಸ್ಸು ಹತ್ತಿಸಿದರು. ಅಂಥ ಸಿನಿಮಾದಲ್ಲಿ ಕೊನೆಯ ತನಕ ಕೊಲೆಗಾರನ ಮುಖ ತೋರಿಸುವುದಿಲ್ಲವಂತೆ, ಕೈ ಮಾತ್ರ. ಹಾಗಾಗಿ ಊರಿಗೆ ಬಂದಾಗಲೆಲ್ಲ ಒಣಹಾಕಿದ ನೂಲಿನ ನಡುವೆ ನಿಧಾನ ನಡೆಯುವ ಅಭ್ಯಾಸ, ಆಮೇಲೆ ಕನ್ನಡಿಯ ಮುಂದೆ ಕೈಯ ಅಭ್ಯಾಸ. ಮಗನ ಕಾಲಿಗೆ ಮುಳ್ಳು ಚುಚ್ಚಿದೆಯೇ ಎಂದು ಅವ್ವ ನನ್ನನ್ನು ಕೇಳಿದ್ದರು.

ಬಣ್ಣದ ಮಾತು ತೆಗೆದವರು ನೀವೇ. ಅವರು ತಂದಿದ್ದ ರಕ್ತ ಬೆಲ್ಲದ ಪಾಕದ ಹಾಗಿತ್ತು, ನೊಣ ಮುತ್ತುತ್ತಿದ್ದವು. ನೀವು ನಿರ್ದೇಶಕರನ್ನೇ ಮನೆಗೆ ಕರೆತಂದಿರಿ. ನೀವು ಮಗ್ಗದವರು, ಬಣ್ಣ ನನ್ನ ತವರಿನ ಕಸುಬು. ಸೆರಗಿನ ಕೆಂಪಿಗೆ ನಾವು ಎರಡು ನೀರು ಮಾಡುತ್ತೇವಲ್ಲ, ಅದನ್ನೇ ತೋರಿಸಿದೆ. ಮೊದಲ ನೀರಿನಲ್ಲಿ ಅದ್ದಿದ ನೂಲು ಹೆಚ್ಚೆಂದರೆ ಹಳದಿ. ಎರಡನೆಯ ನೀರು ಸೋಕಿದ ಕೂಡಲೇ ಕೆಂಪು ಉಕ್ಕುತ್ತದೆ. ಕೊರಳಿಗೆ ಒಂದು ನೀರು, ಚೂರಿಗೆ ಇನ್ನೊಂದು ನೀರು ಹಚ್ಚಿದರೆ ಮುಟ್ಟಿದಲ್ಲೇ ರಕ್ತ ಬಂದಂತೆ ಕಾಣುತ್ತದೆ ಎಂದೆ. ನಿರ್ದೇಶಕರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ನೀವು ಚಹಾ ತರಲು ಹೋದಾಗ, "ತೊಳೆದರೆ ಹೋಗುತ್ತಾ ಅಮ್ಮಾ?" ಎಂದು ಕೇಳಿದರು. "ಹೋಗ್ತದ್ರಿ" ಎಂದೆ. ನಿಮಗೂ, ಸಿನಿಮಾಕ್ಕೆಂದು ಬೇರೆ ಪುಡಿ ಹಾಕಿ ಕಚ್ಚಾ ಬಣ್ಣ ಮಾಡಿದ್ದೇನೆಂದು ಹೇಳಿದೆ. ಪೊಟ್ಟಣಗಳು ಹೇಗೆ ಅದಲುಬದಲಾದವೋ ತಿಳಿಯದು.

ಆ ದಿನ ಆದದ್ದನ್ನು ಮಲಕಪ್ಪ ಹೇಳಿದ್ದಾನೆ, ದೀಪ ಹೊರುವ ಕೆಲಸಕ್ಕೆಂದು ಅವನು ಅಲ್ಲೇ ಇದ್ದನಲ್ಲ. ಚೂರಿ ಸೋಕಿದ್ದೇ ತಡ, ನಾಯಕಿಯ ಕೊರಳಲ್ಲಿ ಕೆಂಪು ಗೆರೆ ಮೂಡಿತಂತೆ, ಎಲ್ಲರೂ ಭಲೇ ಎಂದರಂತೆ. ಆಮೇಲೆ ಸಾಬೂನು, ನಿಂಬೆಹಣ್ಣು, ಚಿಮಣಿ ಎಣ್ಣೆ, ಯಾವುದಕ್ಕೂ ಹೋಗಲಿಲ್ಲ. ಮುಂದಿನ ವಾರ ಬೇರೆ ಸಿನಿಮಾಕ್ಕೆ ಹೋಗಬೇಕಾಗಿದ್ದ ಆ ಹುಡುಗಿ ಕೊರಳು ಹಿಡಿದುಕೊಂಡು ಅತ್ತಳಂತೆ. ಎರಡೂ ನೀರನ್ನು ನೀವೇ ಹಚ್ಚಿದ್ದರಿಂದ ನಿಮ್ಮ ಎರಡೂ ಕೈ ಮುಂಗೈಯ ತನಕ ಕೆಂಪು. ಕೊಲೆಗೆ ಮುಂಚಿನ ದೃಶ್ಯಗಳನ್ನು ಇನ್ನೂ ತೆಗೆಯಬೇಕಿತ್ತು. ಮರುದಿನ ಹಾಗೆಯೇ ಎರಡು ತುಣುಕು ತೆಗೆದು ನೋಡಿದರಂತೆ. ನೀವು ನಾಚಿ ನಾಚಿ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಕೊಂಡಿರಂತೆ, ಅವರು ಸಾಕೆಂದು ನಿಮ್ಮನ್ನು ಬಿಟ್ಟು ಗಂಟುಮೂಟೆ ಕಟ್ಟಿದರಂತೆ. ನಿರ್ದೇಶಕರು ಈ ಬಣ್ಣ ಕೊಟ್ಟವಳನ್ನು ಕರೆಸಿ ಎಂದು ಕೂಗಾಡಿದಾಗ ನೀವು ಹೇಳಿದ್ದನ್ನೂ ಮಲಕಪ್ಪ ಹೇಳಿದ. "ಆಕಿ ತಪ್ಪಲ್ರಿ. ಬ್ಯಾರೆ ಪೊಟ್ಟಣ ತಂದಾಂವ ನಾ." ಅದನ್ನು ಕೇಳಿ ನಾನು ಒಳಗೆ ಹೋಗಿ ಬಣ್ಣದ ಹಂಡೆಯ ಪಕ್ಕ ಬಹಳ ಹೊತ್ತು ಕೂತಿದ್ದೆ.

ಮನೆಗೆ ಬನ್ನಿ. ಹೇಗೆ ಕೇಳಬೇಕೋ ಗೊತ್ತಾಗುತ್ತಿಲ್ಲ. ಓಣಿಯವರ ಮಾತು ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಕೈಯನ್ನು ಯಾರು ನೋಡುತ್ತಾರೆ? ನನ್ನ ಕೈ ಲಗ್ನವಾದ ಮೇಲೆ ಎಂದಾದರೂ ಬೆಳ್ಳಗಿದ್ದವೇ, ಯಾರಾದರೂ ಕೇಳಿದರೇ? ಸೀರೆಯ ಹಾಸುನೂಲು ಮಗ್ಗದ ಮೇಲೆ ಹಾಗೆಯೇ ಇದೆ, ನೀವು ನಿಲ್ಲಿಸಿದ ಎಳೆಯಲ್ಲೇ ನಿಂತಿದೆ. ಬಾಗಿಲು ಸಪ್ಪಳವಾದರೆ ಅವ್ವ "ನಮ್ಮ ಅಮರಪ್ಪ ಬಂದ್ನೇನ" ಎನ್ನುತ್ತಾರೆ. ನಾನು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಅವರಿಗಿಂತ ಮೊದಲು ಎದ್ದಿರುತ್ತೇನೆ. ನೀವು ಕೊಲೆಗಾರನಂತೆ ನಡೆದದ್ದು ನೆನಪಾಗಿ ನಿನ್ನೆ ನೂಲು ಹರವುವಾಗ ಒಬ್ಬಳೇ ನಕ್ಕೆ, ನಗುನಗುತ್ತಲೇ ಅಳು ಬಂತು. ನಿಮ್ಮ ಮೇಲೆ ನನಗೆ ಕೋಪವಿಲ್ಲ. ನೀವಿಲ್ಲದೆ ನನ್ನಿಂದ ಆಗುತ್ತಿಲ್ಲ, ಅಷ್ಟೇ.

ಅವ್ವ ನಿಮ್ಮ ತಲೆಯ ಮೇಲೆ ಕೈಯಿಟ್ಟ ಹಾಗೆ ತಿಳಿಯಬೇಕೆಂದು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮವಳು
ರತ್ನಾಬಾಯಿ

ತಾ.ಕ.: ಬಸ್ಸಿಗೆ ಹೊತ್ತಾಯಿತೆಂದು ಮಲಕಪ್ಪ ಬಾಗಿಲಲ್ಲಿ ನಿಂತಿದ್ದಾನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಪೊಟ್ಟಣ ಅದಲುಬದಲಾಗಲಿಲ್ಲ. ಕಚ್ಚಾ ಎಂದು ಹೇಳಿ ಪಕ್ಕಾ ಬಣ್ಣವನ್ನೇ ಕಟ್ಟಿಕೊಟ್ಟೆ, ತಿಳಿದೇ ಕೊಟ್ಟೆ. ಹಿಂದಿನ ದಿನ ನೀವು ಅವ್ವನಿಗೆ, ಈ ಸಿನಿಮಾ ಮುಗಿದರೆ ಮದ್ರಾಸಿಗೆ ಹೋಗುತ್ತೇನೆ, ಎರಡು ವರ್ಷವಾದರೂ ಆಗುತ್ತದೆ ಎಂದಿರಿ. ನಾನು ಅಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದೆ, ನೀವು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೈ ಕೆಟ್ಟರೆ ಪಾತ್ರ ಹೋಗುತ್ತದೆ, ನೀವು ಮನೆಗೆ ಬರುತ್ತೀರಿ ಎಂದುಕೊಂಡೆ. ಶುಕ್ರವಾರ ಮದ್ರಾಸಿನಿಂದ ತಂತಿ ಬಂದಿದೆ. ಪೋಸ್ಟಿನವರು ಓದಿ ಹೇಳಿದರು. ಆ ಎರಡು ತುಣುಕಿನಲ್ಲಿ ಕೊಲೆಗೆ ಮೊದಲೇ ಕೆಂಪಾದ ಕೈ ನೋಡಿ ಅಲ್ಲಿಯವರೆಲ್ಲ ಬಿದ್ದು ಬಿದ್ದು ನಕ್ಕರಂತೆ, ಸಿನಿಮಾ ತುಂಬ ಹಾಗೇ ಇರಲಿ, ಇಪ್ಪತ್ತನೆಯ ತಾರೀಖಿನೊಳಗೆ ಬಾ ಎಂದಿದೆ. ನಾಲ್ಕು ದಿನ ಅದನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಈಗ ಇದೇ ಲಕೋಟೆಯಲ್ಲಿಟ್ಟಿದ್ದೇನೆ. ಮೊದಲು ಮನೆಗೆ ಬಂದು ಹೋಗಿ ಎನ್ನಲು ನನಗೆ ಮುಖವಿಲ್ಲ. ಇಷ್ಟರಲ್ಲಿ ಕೈ ಬೆಳ್ಳಗಾಗುತ್ತ ಬಂದಿರಬೇಕು, ಅದಕ್ಕೇ ಎರಡೂ ಪುಡಿ ಮಲಕಪ್ಪನ ಕೈಯಲ್ಲಿ ಕಳಿಸಿದ್ದೇನೆ. ಕೈಗಳನ್ನು ಮೊದಲ ನೀರಿನಲ್ಲಿ ಅದ್ದಿ, ಆರಿದ ಮೇಲೆ ಎರಡನೆಯದರಲ್ಲಿ ಅದ್ದಿ. ಈ ಸಲ ಖರೆ ಹೇಳುತ್ತೇನೆ, ತೊಳೆದರೆ ಹೋಗುವುದಿಲ್ಲ.